ಜಿಗಿಯುವ ತುಣುಕು ಕೂರದ ಜಾಗ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ತಟ್ಟೆಯಕ್ಕ ಎನ್ನುತ್ತಿದ್ದರು. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳ ನಡುವೆಯೇ ಅವಳ ತಲೆ ನರೆತಿತ್ತು. ಅವಳು ಬೆನ್ನು ಹತ್ತಿದ್ದು ಒಂದು ಡಿಎನ್‌ಎ ತುಣುಕನ್ನು. ಬ್ಯಾಕ್ಟೀರಿಯಾದ ಒಳಗೆ ಇದ್ದ ಕಡೆ ಇರದೆ, ಅದರ ಡಿಎನ್‌ಎಯ ಇನ್ನೊಂದು ಜಾಗಕ್ಕೆ ಜಿಗಿದು ಸೇರಿಕೊಳ್ಳುವ ಅಲೆಮಾರಿ ಅದು. ಆದರೆ ಕಂಡಕಂಡಲ್ಲಿ ಕೂರುವುದಿಲ್ಲ; ತನ್ನದೇ ಪ್ರತಿಯೊಂದು ಮೊದಲೇ ಕೂತಿದ್ದರೆ ಅದರ ಅಕ್ಕಪಕ್ಕ ಸುಳಿಯುವುದಿಲ್ಲ. ಆ ಡಿಎನ್‌ಎಯಲ್ಲಿ ಅದು ಎಂದೂ ಕೂತು ಸಿಗದ ಇನ್ನೊಂದು ಉದ್ದನೆಯ ಭಾಗವೂ ಇತ್ತು. ಅಲ್ಲಿನ ಜೀನುಗಳ ಕೆಲಸ ಯಾರಿಗೂ ಗೊತ್ತಿರಲಿಲ್ಲ. ತುಣುಕೇ ಈ ಎರಡೂ ಜಾಗಗಳನ್ನು ಗುರುತು ಹಿಡಿದು ದೂರವಿಡುತ್ತದೆ ಎಂದು ಅವಳೂ ಪ್ರೊಫೆಸರೂ ಬರೆದು ಹೆಸರು ಗಳಿಸಿದ್ದರು.

ನಿವೃತ್ತಿಗೆ ಮುಂಚೆ ಆ ಮಾತನ್ನು ಗಟ್ಟಿಮಾಡಿಬಿಡೋಣವೆಂದು, ಜೀವಕೋಶದ ಗೊಡವೆಯೇ ಬೇಡವೆಂದು, ಬರೀ ಡಿಎನ್‌ಎಯನ್ನು ಪರೀಕ್ಷಾ ನಳಿಕೆಗೆ ಹಾಕಿ ತುಣುಕನ್ನು ಜಿಗಿಯಲು ಬಿಟ್ಟಳು. ಫಲಿತಾಂಶ ಕಂಡು ಕಣ್ಣುಜ್ಜಿಕೊಂಡಳು. ಅದು ಆ ಉದ್ದನೆಯ ಭಾಗದ ತುಂಬ ಆರಾಮಾಗಿ ಕೂತಿತ್ತು. ಮತ್ತೆ ಮಾಡಿದರೂ ಅದೇ. ಕುರ್ಚಿಗೊರಗಿ ಯೋಚಿಸಿದಳು. ತುಣುಕು ನಡುವೆ ಹೊಕ್ಕರೆ ಜೀನು ಕೆಡುತ್ತದೆ. ಆ ಜೀನುಗಳಿಲ್ಲದೆ ಬ್ಯಾಕ್ಟೀರಿಯಾ ಬದುಕುವುದೇ ಇಲ್ಲವೇನೋ. ಹೌದೋ ಅಲ್ಲವೋ ನೋಡಲು, ಅದೇ ಜೀನುಗಳ ಇನ್ನೊಂದು ನಕಲನ್ನು ಬ್ಯಾಕ್ಟೀರಿಯಾಕ್ಕೆ ಕೊಟ್ಟಳು. ಈ ಸಲ ತುಣುಕು ಅಲ್ಲಿ ಕೂತರೂ ಬ್ಯಾಕ್ಟೀರಿಯಾ ಬದುಕಿತು.

ಪ್ರೊಫೆಸರರ ಕೋಣೆಗೆ ಹೋಗಲು ಅವಳಿಗೆ ಮನಸ್ಸೇ ಇರಲಿಲ್ಲ. ಆದರೂ ಹೋದಳು.

"ಸರ್, ಅದು ಆ ಜಾಗ ಬೇಡ ಅಂತ ಬಿಟ್ಟಿದ್ದಲ್ಲ. ಅಲ್ಲಿ ಕೂತರೆ ಬ್ಯಾಕ್ಟೀರಿಯಾನೇ ಸತ್ತುಹೋಗತ್ತೆ. ನಾವು ಬದುಕಿದ್ದನ್ನ ಮಾತ್ರ ನೋಡಿದ್ವಿ."

ಅವರು ಕನ್ನಡಕ ತೆಗೆದಿಟ್ಟು, "ಹೋಗೋ ಹೊತ್ತಲ್ಲಿ ನಿಮಗ್ಯಾಕಮ್ಮ ಈ ಉಸಾಬರಿ? ಸುಮ್ಮನಿದ್ದುಬಿಡಿ," ಎಂದರು.

"ಸುಮ್ಮನಿರೋದಕ್ಕೂ ಶಕ್ತಿ ಬೇಕು ಸರ್. ನಂಗೆ ಅಷ್ಟಿಲ್ಲ."

ಒಂದು ವಾರ ಅವರು ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ತಾವೇ ಬಂದು ಅವಳ ಪಕ್ಕ ಕೂತು ತಿದ್ದುಪಡಿ ಬರೆಸಿದರು. ಒಂದು ಮಾತು ಬಿದ್ದುಹೋಯಿತು, ಒಂದು ಉಳಿಯಿತು; ತನ್ನ ಪ್ರತಿಯ ಅಕ್ಕಪಕ್ಕವನ್ನು ತುಣುಕು ನಳಿಕೆಯಲ್ಲೂ ದೂರವೇ ಇಟ್ಟಿತ್ತು.

ತಿದ್ದುಪಡಿ ಅಚ್ಚಾದ ಸಂಜೆ, ಬಸ್ ಡಿಪೋದಿಂದ ಬಂದ ಗಂಡನಿಗೆ ಎಲ್ಲ ಹೇಳಿದಳು. ಅವನು ಅರ್ಧಂಬರ್ಧ ತಿಳಿದುಕೊಂಡು, "ಹಾಗಾದ್ರೆ ಇಷ್ಟು ವರ್ಷದ್ದೆಲ್ಲ ನೀರುಪಾಲಾ?" ಎಂದ.

"ಎಲ್ಲ ಅಲ್ಲ. ಅರ್ಧ ಅಷ್ಟೆ."

ಉಳಿದರ್ಧ ಯಾವುದೆಂದು ವಿವರಿಸಲು ಹೊರಟವಳು ಕೂತಲ್ಲೇ ತೂಕಡಿಸಿದಳು. ಗಂಡ ಎದ್ದು ಟಿವಿಯ ಸದ್ದು ತಗ್ಗಿಸಿದ.