ಅರ್ಥ ತಿಳಿಯದ ಸಾಕ್ಷಿ

ಸವಣೂರಿನ ಖಾರದ ಪೊಟ್ಟಣ ಬಿಚ್ಚಿದ ಕೂಡಲೇ ಶೇಂಗಾ ಎಷ್ಟಿವೆ, ಪುಠಾಣಿ ಎಷ್ಟಿವೆ ಎಂದು ಬೆರಳಿನಿಂದ ಸರಿಸಿ ನೋಡುವುದು ನನ್ನ ಹಳೆಯ ದುರಭ್ಯಾಸ. ಅಂಗಡಿಯವನು ನನಗೆ ಎಂದೂ ಮೋಸ ಮಾಡಿದವನಲ್ಲ. ಆದರೆ ಹಾನಗಲ್ಲ, ಹಿರೇಕೆರೂರು, ಸವಣೂರು ಎಂದು ಮೂವತ್ತು ವರ್ಷ ಕೋರ್ಟಿನಿಂದ ಕೋರ್ಟಿಗೆ ವರ್ಗವಾಗುತ್ತ, ಶಿರಸ್ತೇದಾರನಾಗಿ ನಿವೃತ್ತನಾಗಿ, ಈಗ ಶಿಗ್ಗಾವಿಯಲ್ಲಿ ಬಿಡಾರ ಹೂಡಿರುವ ನನಗೆ ಮೋಸ ಮಾಡದಿರುವುದೇ ಒಂದು ಶಂಕಾಸ್ಪದ ನಡವಳಿಕೆಯಾಗಿ ತೋರುತ್ತದೆ. ಚಹಾ ವಿಶೇಷ ರುಚಿಯಾದ ದಿನ ನಾನು ಹೆಂಡತಿಯ ಮುಖ ನೋಡುತ್ತೇನೆ. "ಕುಡೀರಿ, ಇವತ್ತ ಏನೂ ಕೇಳೂದಿಲ್ಲ" ಎಂದು ಆಕೆ ಒಳಗೆ ಹೋಗುತ್ತಾಳೆ. ನನ್ನ ಸಂಶಯ ಆಗ ಇನ್ನಷ್ಟು ಬಲಿಯುತ್ತದೆ.

ಹಾನಗಲ್ಲಿನ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿರುವ ಮಗಳು, ಅಪ್ಪ ಮನೆಯವರನ್ನು ಬಿಟ್ಟು ದೂರದೇಶದವರ ಮೇಲಾದರೂ ಸಂಶಯಪಡಲಿ ಎಂಬ ಸದುದ್ದೇಶದಿಂದ ನನಗೊಂದು ದಪ್ಪ ಪುಸ್ತಕ ತಂದುಕೊಟ್ಟಳು. ಲ್ಯಾಟಿನ್ನಿನಿಂದ ಹುಟ್ಟಿದ ಯೆಹೂದಿ ಭಾಷೆಗಳ ಮೂಲ ಯಾವುದು ಎಂಬುದು ಅದರ ವಿಷಯ. ವಿಷಯ ಕೇಳಿ ನಗಬೇಡಿ. ಬಣವೆ ಸುಟ್ಟ ಮೊಕದ್ದಮೆಯಲ್ಲಿರುವಷ್ಟೇ ಸ್ವಾರಸ್ಯ ಇದರಲ್ಲಿಯೂ ಇದೆ. ಇಟಲಿ, ಫ್ರಾನ್ಸ್, ಸ್ಪೇನುಗಳಲ್ಲಿ ತಲೆತಲಾಂತರದಿಂದ ನೆಲೆಸಿದ ಯೆಹೂದಿಗಳು ಮನೆಯಲ್ಲಿ ಆಡಿದ್ದು ಲ್ಯಾಟಿನ್ನಿನ ಸಂತತಿಯ ನುಡಿಗಳನ್ನೇ. ಬರೆದದ್ದು ಮಾತ್ರ ಬಹುಮಟ್ಟಿಗೆ ಹೀಬ್ರೂ ಲಿಪಿಯಲ್ಲಿ, ಏಕೆಂದರೆ ಧರ್ಮಗ್ರಂಥ ಓದಲೆಂದು ಎಳವೆಯಲ್ಲಿ ಕಲಿತ ಅಕ್ಷರ ಅದು. ಈ ನುಡಿಗಳು ಬಂದದ್ದೆಲ್ಲಿಂದ? ಪ್ರಾಚೀನ ರೋಮಿನ ಯೆಹೂದಿಗಳಿಗೆ ತಮ್ಮದೇ ಆದ ಒಂದು ಲ್ಯಾಟಿನ್ ಇತ್ತು, ಅದೇ ಇವೆಲ್ಲಕ್ಕೂ ತಾಯಿ ಎಂಬುದು ವಾದಿಯ ಹೇಳಿಕೆ. ಅಂಥ ತಾಯಿ ಯಾರೂ ಇರಲಿಲ್ಲ, ಅವರವರು ಅವರವರ ಊರಿನ ನೆರೆಹೊರೆಯವರಿಂದ ಮಾತು ಕಲಿತು ತಮ್ಮ ನಾಲ್ಕು ಪದ ಬೆರೆಸಿಕೊಂಡರು ಎಂಬುದು ಪ್ರತಿವಾದಿಯ ತಕರಾರು.

ವಾದಿಯ ಕಡೆಯ ಮುಖ್ಯ ಸಾಕ್ಷಿ ಒಂದು ಪದ: 'ಮೆಲ್ದಾರ್'. ಸ್ಪೇನಿನ ಯೆಹೂದಿಗಳ ಬಾಯಲ್ಲಿ ಇದಕ್ಕೆ ಓದುವುದು ಎಂದು ಅರ್ಥ. ಪದದ ಮೂಲ ಗ್ರೀಕು. ಇಟಲಿ, ಫ್ರಾನ್ಸಿನ ಯೆಹೂದಿಗಳಲ್ಲಿಯೂ ಇದರ ದಾಯಾದಿಗಳಿವೆ. ಒಂದೆರಡು ಪದ ಹಿಡಿದು ಇಡೀ ಭಾಷೆಯ ವಂಶವೃಕ್ಷ ಬರೆಯುವ ಪಂಡಿತರನ್ನು ಕಂಡು ನನ್ನೊಳಗಿನ ಶಿರಸ್ತೇದಾರ ಕನ್ನಡಕ ಏರಿಸಿಕೊಂಡ. ಆದರೆ ಆ ಜನರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಬೇರೆ ಕಾರಣಕ್ಕೆ. ರವಿವಾರಕ್ಕೆ ನೆರೆಯವರು ಬಳಸುತ್ತಿದ್ದ ಹೆಸರಿನಲ್ಲಿ ಕ್ರೈಸ್ತರ 'ಪ್ರಭು' ಅಡಗಿದ್ದಾನೆಂದು ಶಂಕಿಸಿ, ಸ್ಪೇನಿನ ಯೆಹೂದಿಗಳು ಅದನ್ನು ಬಿಟ್ಟು ಅರಬ್ಬಿಯ ಹೆಸರನ್ನು ಇಟ್ಟುಕೊಂಡರಂತೆ. ಪದಗಳ ಜೇಬನ್ನೂ ತಪಾಸಣೆ ಮಾಡಿ ಒಳಗೆ ಬಿಟ್ಟ ಇವರು ನನ್ನ ಗೋತ್ರದವರೇ ಇರಬೇಕು. ಇನ್ನೊಂದು ಪದ್ಧತಿಯೂ ಅವರಲ್ಲಿತ್ತು: ಪವಿತ್ರ ಅಕ್ಷರವಿರುವ ಜೀರ್ಣ ಕಾಗದವನ್ನು ಬಿಸಾಡದೆ, ಒಂದು ಕೋಣೆಯಲ್ಲಿ ಕೂಡಿಟ್ಟು, ಮುಂದೆ ಗೌರವದಿಂದ ಮಣ್ಣು ಮಾಡುವುದು. ಅಕ್ಷರ ನೋಡಿ ಒಳಗಿಟ್ಟ ಆ ರಾಶಿಯಲ್ಲಿ ಪ್ರಾರ್ಥನೆಗಳ ಜೊತೆಗೆ ಮನೆಮಾತಿನ ಕಾಗದಪತ್ರಗಳೂ ಸೇರಿಕೊಂಡಿರುತ್ತಿದ್ದವಂತೆ. ಈ ಸಂಗತಿ ನನ್ನ ತಲೆಯಲ್ಲಿ ಕುಳಿತುಬಿಟ್ಟಿತ್ತು.

ಹೋದ ತಿಂಗಳು ಸವಣೂರಿಗೆ ಹೋದಾಗ, ಅಲ್ಲಿನ ಕೋರ್ಟಿನಲ್ಲಿದ್ದ ಕಾಲದಿಂದಲೂ ನನಗೆ ಸ್ನೇಹಿತನಾದ ಬಾಬಾಜಾನನ ಮನೆಗೆ ಹೋದೆ. ಹಸಿರು ಬಟ್ಟೆಯಲ್ಲಿ ಸುತ್ತಿದ ಒಂದು ವಹಿಯನ್ನು ತೊಡೆಯ ಮೇಲಿಟ್ಟುಕೊಂಡು, ವರದಾ ಹೊಳೆಗೆ ಹೊರಡಲು ಸಿದ್ಧನಾಗಿ ಆತ ಕಟ್ಟೆಯ ಮೇಲೆ ಕುಳಿತಿದ್ದ. ಅದು ಎರಡು ವರ್ಷದ ಹಿಂದೆ ತೀರಿಕೊಂಡ ಅವನ ತಾಯಿ ಬರೆದದ್ದು. ಉರ್ದು ಲಿಪಿ ಕಂಡು ಮನೆಯವರು ಅದನ್ನು ದುವಾಗಳ, ಅಂದರೆ ಪ್ರಾರ್ಥನೆಗಳ, ಪುಸ್ತಕವೆಂದೇ ಭಾವಿಸಿ ಎತ್ತರದ ಗೂಡಿನಲ್ಲಿಟ್ಟಿದ್ದರು. ಮೊಮ್ಮಕ್ಕಳಿಗೆ ಜ್ವರ ಬಂದರೆ ದಿಂಬಿನ ಬಳಿ ಇಡುತ್ತಿದ್ದರು. ಬಾಬಾಜಾನ್ ಓದಿದ್ದು ಕನ್ನಡ ಶಾಲೆಯಲ್ಲಿ. ಅಚ್ಚಿನ ಅಕ್ಷರವನ್ನು ಹೇಗೋ ಗುರುತಿಸಬಲ್ಲನೇ ಹೊರತು ಕೈಬರಹ ಅವನಿಗೆ ದಕ್ಕುವುದಿಲ್ಲ. ಬಿಹಾರದ ಕಡೆಯಿಂದ ಹೊಸದಾಗಿ ಬಂದ ಮೌಲ್ವಿಗಳು ವಹಿ ನೋಡಿ, ಅಕ್ಷರ ನಮ್ಮವೇ, ಮಾತು ಯಾವುದೋ ತಿಳಿಯದು, ಹಾಳೆ ಜೀರ್ಣವಾಗಿರುವುದರಿಂದ ಅದಬಿನಿಂದ, ಮರ್ಯಾದೆಯಿಂದ, ನೀರಿಗೆ ಬಿಡಿ ಎಂದಿದ್ದರು.

"ನಿಮ್ಮ ತಾಯಿ ತವರಮನಿ ಯಾವೂರು?" ಎಂದೆ ನಾನು, ಪಾಟೀಸವಾಲಿನ ದನಿಯಲ್ಲಿ.

"ಆಡೂರರಿ. ನದಾಫರ ಮನಿ. ಅಲ್ಲೆ ಎಲ್ಲಾರೂ ಕನ್ನಡಾನ ಮಾತಾಡ್ತಾರ. ಸಾಲಿ ಕಂಡಾಕಿ ಅಲ್ಲ, ಮಸೂತ್ಯಾಗ ಉರ್ದು ಅಕ್ಷರಾ ಕಲ್ತಿದ್ದಳು."

ನನ್ನ ಸಂಶಯ ಕಿವಿ ನೆಟ್ಟಗೆ ಮಾಡಿತು. ಕಲಿತ ಅಕ್ಷರ ಒಂದು, ಹುಟ್ಟಿನಿಂದ ಬಂದ ಮಾತು ಇನ್ನೊಂದು. ಬರೆಯಲು ಕುಳಿತ ಹೆಣ್ಣುಮಗಳು ಏನು ಮಾಡಿಯಾಳು? ಇದು ಕನ್ನಡವೇ ಇರಬೇಕು ಎಂದು ನಾನು ಹೇಳಿದಾಗ ಬಾಬಾಜಾನನ ಮುಖ ಅರಳಲಿಲ್ಲ, ಬಾಡಿತು. ಕಾರಣ ನನಗೆ ಗೊತ್ತಿತ್ತು. ತಾಯಿ ಕೈಯಾರೆ ಬೆಳೆಸಿದ ಎಲೆಬಳ್ಳಿಯ ತೋಟವನ್ನು ಕಿತ್ತು ಅವನು ಮೆಕ್ಕೆಜೋಳ ಹಾಕಿದ್ದ. ಆ ದಿನದಿಂದ ಸಾಯುವವರೆಗೆ ಮೂರು ವರ್ಷ, ಒಂದೇ ಮನೆಯಲ್ಲಿದ್ದೂ ಆಕೆ ಮಗನೊಡನೆ ಒಂದು ಮಾತನ್ನೂ ಆಡಲಿಲ್ಲ.

"ದುವಾ ಅಂತ ತಿಳಕೊಂಡು ನೀರಿಗೆ ಬಿಟ್ಟರ ಮುಗೀತರಿ, ಸಾಹೇಬ್ರ," ಎಂದ ಅವನು. "ಒಳಗ ನನಗ ಶಾಪಾ ಹಾಕಿದ್ದರ ಅದನ್ನ ಎಲ್ಲಿ ಇಟ್ಟಕೊಳ್ಳಲಿ?"

ಆಗ ನನ್ನ ಮೇಲೆಯೇ ನನಗೆ ಅನುಮಾನ ಶುರುವಾಯಿತು: ಪುಸ್ತಕ ಓದಿದ ಹುಮ್ಮಸ್ಸಿನಲ್ಲಿ, ಆ ಪಂಡಿತರ ಹಾಗೆ, ಇಲ್ಲದ ಭಾಷೆಯನ್ನು ನಾನೇ ಕಲ್ಪಿಸಿಕೊಳ್ಳುತ್ತಿಲ್ಲವಷ್ಟೆ? ಬಾಬಾಜಾನ್ ವಹಿಯ ಬಟ್ಟೆ ಬಿಚ್ಚಿ, ಮತ್ತೆ ಸುತ್ತಿ, ಶಾಪವಾದರೂ ತಾಯಿಯ ಮಾತೇ ಅಲ್ಲವೇ ಎಂದು ಕೊನೆಗೆ ತಾನೇ ಎದ್ದು ಮೌಲ್ವಿಗಳನ್ನು ಕರೆತಂದ. ಅರ್ಥ ಬೇಡ, ಬರೆದದ್ದನ್ನು ಬರೆದ ಹಾಗೆ ಗಟ್ಟಿಯಾಗಿ ಓದಿದರೆ ಸಾಕು ಎಂದು ಉರ್ದುವಿನಲ್ಲಿ ಅವರನ್ನು ಕೇಳಿಕೊಂಡ. ಕೋರ್ಟಿನಲ್ಲಿ ಸಾವಿರ ಸಾಕ್ಷಿಗಳನ್ನು ಕಂಡಿದ್ದೇನೆ. ಯಾರಿಗೆ ಅನುಕೂಲವೆಂದು ತಿಳಿದು ಮಾತಾಡದವರು ವಿರಳ. ತಾವು ಹೇಳುತ್ತಿರುವುದರ ಅರ್ಥವೇ ತಿಳಿಯದ ಸಾಕ್ಷಿ ಮೊದಲ ಸಲ ನನ್ನೆದುರು ಕುಳಿತಿದ್ದರು.

ಮೌಲ್ವಿಗಳು ಅಕ್ಷರಕ್ಕೆ ಅಕ್ಷರ ಕೂಡಿಸುತ್ತ, ಎಡವುತ್ತ ಓದಿದರು: "ಬಾಬು ಇವತ್ತ ತಡಾ ಮಾಡಿ ಬಂದ. ರೊಟ್ಟಿ ಎರಡ ತಿಂದ. ಸೊರಗ್ಯಾನ. ನಾಳೆ ಮಾತಾಡಸ್ತೇನಿ."

ಬಾಬು ಎಂದರೆ ಬಾಬಾಜಾನನೇ, ತಾಯಿ ಅವನನ್ನು ಕರೆಯುತ್ತಿದ್ದುದು ಹಾಗೆ. ಅರವತ್ತು ವರ್ಷ ಆ ಮನೆಯಲ್ಲಿ ಉರ್ದು ಆಡಿದ ಹೆಂಗಸು ಮನಸ್ಸಿನೊಡನೆ ಮಾತಾಡಲು ಆಡೂರಿನ ನೆರೆಹೊರೆಯವರ ಮಾತಿಗೇ ಮರಳಿದ್ದಳು. ಯೆಹೂದಿಗಳ ದಾವೆಯಲ್ಲಿ ತೀರ್ಪು ಕೊಡಲು ನಾನು ಯಾರೂ ಅಲ್ಲ. ಆದರೆ ಅಂದಿನಿಂದ ಪ್ರತಿವಾದಿಯ ಕಡೆಗೆ ನನ್ನ ಮನಸ್ಸು ವಾಲಿದೆ.

ಮೌಲ್ವಿಗಳು ಹಾಳೆ ತಿರುವಿದರು. "ಬಾಬುಗ ಕೆಮ್ಮ ಆಗೇತಿ. ಸೊಸಿ ಕೈಲೆ ಕಷಾಯಾ ಕೊಡಿಸಿದ್ನಿ. ನಾಳೆ ಮಾತಾಡಸ್ತೇನಿ." ಇನ್ನೊಂದು ಹಾಳೆ. ತೋಟದ ಸಿಟ್ಟು ಅಲ್ಲಲ್ಲಿ ಇತ್ತು, ಬೈಗುಳವೂ ಇತ್ತು. ಆದರೆ ಪ್ರತಿ ಹಾಳೆಯ ಕೊನೆಗೆ ಅದೇ ನಾಳೆ. ಬರೆದ ಕಡೆಯ ಹಾಳೆಯಲ್ಲಿ ಅಕ್ಷರ ನಡುಗಿದ್ದವಂತೆ, ಮೌಲ್ವಿಗಳು ಬೆಳಕಿಗೆ ಹಿಡಿದು ಓದಿದರು: "ಬಾಬು ಬಾಜೂಕ ಕುಂತಾನ. ನಿದ್ದಿ ಹತ್ತೇತಿ ಅವಂಗ. ಎಬ್ಬಸೂದ ಬ್ಯಾಡ. ನಾಳೆ ಮಾತಾಡಸ್ತೇನಿ."

ಮುಂದಿನ ಹಾಳೆಗಳು ಖಾಲಿ. ತಲೆ ಎತ್ತಿದ ಮೌಲ್ವಿಗಳು, ಇಬ್ಬರು ಮುದುಕರು ಕಣ್ಣು ಒರೆಸಿಕೊಳ್ಳುತ್ತಿರುವುದನ್ನು ಕಂಡು ಗಾಬರಿಯಾಗಿ, ನಾನೇನಾದರೂ ತಪ್ಪು ಓದಿದೆನೇ ಎಂದು ಉರ್ದುವಿನಲ್ಲಿ ಕೇಳಿದರು. ಅವರಿಗೆ ಕನ್ನಡ ಬರುವುದಿಲ್ಲವೆಂಬುದನ್ನು ಬಾಬಾಜಾನ್ ಮರೆತಿದ್ದ.

"ಇಲ್ರಿ," ಎಂದ. "ಇನ್ನೊಮ್ಮೆ ಓದ್ರಿ. ಸಾವಕಾಶ ಓದ್ರಿ."