ಸೊಂಟಪಟ್ಟಿಯೊಳಗಿನ ಬಟ್ಟೆ

ನನ್ನ ಚಿಕ್ಕಪ್ಪ ದರ್ಜಿ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದೂ ಅವನೇ, ಇವತ್ತಿಗೂ ನನ್ನ ಪ್ಯಾಂಟು ಹೊಲಿಯುವವನೂ ಅವನೇ. ಮೆಟ್ಟಿಲ ಕೆಳಗೆ ಅವನ ಅಂಗಡಿ; ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ, ಕೊರಳಲ್ಲಿ ಸದಾ ಟೇಪು. ಯಾರ ಮನಸ್ಸನ್ನೂ ನೋಯಿಸಲಾರ. ದಪ್ಪಗಾದ ಗಿರಾಕಿ ಬಂದರೆ "ಒಗೆದೂ ಒಗೆದೂ ಬಟ್ಟೆ ಕುಗ್ಗಿದೆ ಬಿಡಿ ಸಾರ್" ಎನ್ನುತ್ತಾನೆ.

ಹಳೆಯ ಸೋಂಕೊಂದು ಅವನ ಲಿವರನ್ನು ತಿಂದುಹಾಕಿತ್ತು. ಯಾರಾದರೂ ತಮ್ಮದರಲ್ಲಿ ಒಂದು ತುಂಡು ಕೊಟ್ಟರೆ ಮಾತ್ರ ಉಳಿಯುತ್ತಾನೆ ಎಂದರು ಆಸ್ಪತ್ರೆಯವರು. ಮನೆಮಂದಿಯೆಲ್ಲ ಕೂತಿದ್ದಾಗ ನಾನು ಎದೆಯುಬ್ಬಿಸಿ, "ನಾನಿದ್ದೀನಲ್ಲ" ಎಂದೆ. ರಕ್ತದ ಗುಂಪೂ ಹೊಂದಿತು. ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ನನಗೆ ನನ್ನ ಮೇಲೇ ಗೌರವ ಹುಟ್ಟಿತು. ಸ್ಕ್ಯಾನ್ ಆಗುವವರೆಗೆ.

"ನಿಮ್ಮ ಲಿವರಿನ ಜೀವಕೋಶಗಳ ಒಳಗೆಲ್ಲ ಕೊಬ್ಬಿನ ಹನಿ ತುಂಬಿದೆ. ಇದನ್ನ ಕೊಡೋಕಾಗಲ್ಲ," ಎಂದರು ಡಾಕ್ಟರಮ್ಮ.

"ಮೇಡಂ, ನಾನು ಕರಿದದ್ದು ಮುಟ್ಟೋದೇ ಇಲ್ಲ!"

"ಕುಡಿಯೋದು?"

"ಛೇ ಛೇ, ಬರೀ ಜ್ಯೂಸು, ಸೋಡಾ."

ತಂಪುಪಾನೀಯದ ಗೋದಾಮಿನಲ್ಲಿ ಬಿಲ್ಲು ಹಾಕುವವನು ನಾನು. ನೆಗ್ಗಿದ ಡಬ್ಬಿಗಳು ನಮಗೆ ಪುಕ್ಕಟೆ. ನೀರು ಕುಡಿದ ನೆನಪೇ ಇರಲಿಲ್ಲ.

"ಅದೇ ನೋಡಿ. ಮೈ ಖರ್ಚು ಮಾಡದ ಸಕ್ಕರೆನ ಲಿವರು ಕೊಬ್ಬು ಮಾಡಿ ತನ್ನೊಳಗೇ ಇಟ್ಕೊಳ್ಳತ್ತೆ. ಸೊಂಟ ಬೆಳೆದಾಗಲೇ ಗೊತ್ತಾಗ್ಬೇಕಿತ್ತು."

"ನನ್ನ ಸೊಂಟ ಕಾಲೇಜಿನಿಂದ ಮೂವತ್ತೇ ಮೇಡಂ. ಅದೇ ಪ್ಯಾಂಟು!"

ಅವರು ಟೇಪು ಸುತ್ತಿದರು. ಮೂವತ್ತನಾಲ್ಕು.

ಪಕ್ಕದ ಬೆಂಚಿನ ಮೇಲೆ ಚಿಕ್ಕಮ್ಮನ ಜೊತೆ ಕೂತಿದ್ದ ಚಿಕ್ಕಪ್ಪ ತಲೆ ತಗ್ಗಿಸಿದ. "ಪ್ಯಾಂಟಿನ ಸೊಂಟ ನಾನೇ ಸಡಿಲ ಬಿಟ್ಟಿದ್ದು. ಒಳಗೆ ಬಟ್ಟೆ ಜಾಸ್ತಿ ಇಟ್ಟಿದ್ದೆ. ಇಸ್ತ್ರಿಗೆ ಬಂದಾಗೆಲ್ಲ ಒಂಚೂರು ಬಿಚ್ಚಿ ಹೊಲೀತಿದ್ದೆ... ಬೇಜಾರು ಮಾಡ್ಕೋತೀಯ ಅಂತ."

"ಊರಿಗೆಲ್ಲ ಹೇಳೋ ಸುಳ್ಳು ಮನೆಮಗನಿಗೂ ಹೇಳಿದ್ರಾ?" ಎಂದಳು ಚಿಕ್ಕಮ್ಮ.

ಸಾಯುತ್ತಿದ್ದವನು ಕಳ್ಳನ ಹಾಗೆ ಮುದುಡಿ ಕೂತಿದ್ದ. ಡಬ್ಬಿಗಟ್ಟಲೆ ಸಕ್ಕರೆ ಇಳಿಸಿದವನು ನಾನು, ನಾಚಿಕೆ ಅವನಿಗೆ. ನನ್ನ ಮುಖವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಸಕ್ಕರೆ, ಮೈದಾ ಬಿಟ್ಟು ದಿನಾ ನಡೆದರೆ ಆ ಹನಿಗಳು ಕರಗುತ್ತವೆ, ಎರಡು ತಿಂಗಳು ಕಾಯಬಹುದು, ಅದಕ್ಕಿಂತ ಹೆಚ್ಚು ಇವರಿಗೆ ತಡೆಯಲಾಗದು ಎಂದರು ಡಾಕ್ಟರಮ್ಮ.

ಅವತ್ತು ಸಂಜೆ ಚಿಕ್ಕಪ್ಪ ನನ್ನ ಪ್ಯಾಂಟಿನ ಸೊಂಟ ಬಿಚ್ಚಿ, ಚಿಕ್ಕದು ಮಾಡಿ ಹೊಲಿದು, ಒಳಗೆ ಮಿಕ್ಕ ಬಟ್ಟೆಯನ್ನು ಕತ್ತರಿಸಿಯೇಬಿಟ್ಟ.

"ಮೂವತ್ತೆರಡು ಇಟ್ಟಿದ್ದೀನಿ. ಮೂವತ್ತು ನಿನ್ನ ಕೈಲಾಗಲ್ಲ. ಇನ್ನು ಬಿಡೋಕೆ ಬಟ್ಟೆ ಇಲ್ಲ ಕಣೋ."

ಹಾಕಿ ನೋಡಿದೆ. ಗುಂಡಿ ಕಾಜಾದ ಹತ್ತಿರಕ್ಕೂ ಬರಲಿಲ್ಲ. ಇಬ್ಬರೂ ಬೇರೆ ಬೇರೆ ಗೋಡೆ ನೋಡಿದೆವು.

ಗೋದಾಮಿನಲ್ಲಿ ನನಗೆ 'ನೀರುಸ್ವಾಮಿ' ಎಂದು ಹೆಸರಿಟ್ಟರು. ಇಟ್ಟುಕೊಳ್ಳಲಿ ಎಂದು ನೀರೇ ಕುಡಿದೆ.

ಎರಡು ತಿಂಗಳ ಕೊನೆಗೆ ಎರಡನೇ ಸ್ಕ್ಯಾನ್ ನೋಡಿ ಡಾಕ್ಟರಮ್ಮ, "ಪರವಾಗಿಲ್ಲ, ಕೊಡಬಹುದು" ಎಂದರು. ಓಡಿಹೋಗಿ ಚಿಕ್ಕಪ್ಪನ ಮಂಚದ ಪಕ್ಕ ನಿಂತೆ. ಹಳದಿಗಟ್ಟಿದ ಕಣ್ಣು ತೆರೆದವನು ವರದಿಯನ್ನು ಮುಟ್ಟಲಿಲ್ಲ. ಅವನೇ ಚಿಕ್ಕದು ಮಾಡಿದ್ದ ನನ್ನ ಸೊಂಟಪಟ್ಟಿಯೊಳಗೆ ಒಂದು ಬೆರಳು ತೂರಿಸಿದ.

"ನಿಜ ಹೇಳು. ಉಸಿರು ಹಿಡ್ಕೊಂಡಿದ್ದೀಯ ತಾನೇ?"

ಹಿಡಿದಿದ್ದೆ. ಬಿಟ್ಟೆ. ಗುಂಡಿ ಕಿತ್ತುಹೋಗದೆ ನಿಂತಿತು.