ಗೋಡೆಯ ಬಳಿಯ ಸೆಳೆತ

ಕಾದ ಯಂತ್ರದೆಣ್ಣೆಯ ವಾಸನೆ ಎಲ್ಲಿಂದಲಾದರೂ ಮೂಗಿಗೆ ಬಿದ್ದರೆ ಸಾಕು, ನಾನು ಬ್ಲಫ್ ಎಂಬ ಕಾಲೊನಿಯ ನಮ್ಮ ಕ್ವಾರ್ಟರ್ಸಿನ ಜಗುಲಿಯ ಮೇಲೆ ಕೂತಿರುತ್ತೇನೆ. ಶಿವನಸಮುದ್ರದ ಪವರ್‌ಹೌಸಿನಲ್ಲಿ ಫಿಟ್ಟರ್ ಆಗಿದ್ದ ಅಪ್ಪನ ಅಂಗಿಯ ವಾಸನೆ ಅದು. ಅವ್ವ ಎಷ್ಟು ಸೋಪು ಉಜ್ಜಿದರೂ ಹೋಗುತ್ತಿರಲಿಲ್ಲ. ಎರಡು ಕೋಣೆಯ ಆ ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ಚಿಕ್ಕಪ್ಪ, ನಾವು ಮಕ್ಕಳು, ಸಾಲದ್ದಕ್ಕೆ ಊರಿಂದ ಬಂದು ಬೀಡುಬಿಟ್ಟ ನೆಂಟರು. ಒಬ್ಬರು ಮಗ್ಗುಲು ಬದಲಿಸಿದರೆ ಮನೆಯೇ ಮಗ್ಗುಲು ಬದಲಿಸಬೇಕಿತ್ತು. ಆ ಮನೆ ಈಗಿಲ್ಲ, ಆ ಜನವೂ ಇಲ್ಲ.

ನಮ್ಮ ವಂಶದಲ್ಲಿ ವಿಜ್ಞಾನ ಓದಿದ ಮೊದಲಿಗ ಚಿಕ್ಕಪ್ಪ. ಮೈಸೂರಿನಲ್ಲಿ ಓದುವಾಗ ಆಗಾಗ ಮನೆಗೆ ಬರುತ್ತಿದ್ದನಾದ್ದರಿಂದ ಅಜ್ಜಿ ಸಹಿಸಿಕೊಂಡಳು. ಬೆಂಗಳೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದಾಗ ಮಾತ್ರ ಮನೆಮಂದಿಯೆಲ್ಲ ಬಸ್ಸು ಹಿಡಿದು, ಮಳವಳ್ಳಿ ದಾಟಿ, ಮದ್ದೂರಿನ ಸ್ಟೇಷನ್ನಿಗೆ ಹೋದೆವು. ಚಿಕ್ಕಪ್ಪ ಟ್ರಂಕನ್ನು ರೈಲಿನೊಳಗಿಟ್ಟು ಬಾಗಿಲಲ್ಲಿ ನಿಂತ. ಅಜ್ಜಿ ಅವನ ಕೈ ಹಿಡಿದವಳು ಬಿಡಲೇ ಇಲ್ಲ. "ಓಗ್ಬುಡ್ತೀಯೇನ್ಲಾ ಮಗಾ? ನೀನ್ ಬರೋವೊತ್ಗೆ ನಾನಿರ್ತೀನೇನ್ಲಾ?" ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು, ನಾವು ಮಕ್ಕಳು ಗೋಳೋ ಎಂದೆವು. ಗಾರ್ಡು ಸೀಟಿ ಊದಿದ. ಚಿಕ್ಕಪ್ಪ ಟ್ರಂಕು ಸಮೇತ ಕೆಳಗಿಳಿದ. ವಾಪಸು ಬರುವಾಗ ನಮಗೆಲ್ಲ ಹಬ್ಬ, ಅವನು ಮಾತ್ರ ಕಿಟಕಿಯಾಚೆ ನೋಡುತ್ತ ಕೂತಿದ್ದ. ಅವನು ಅದೇ ಪವರ್‌ಹೌಸಿನಲ್ಲಿ ಗುಮಾಸ್ತನಾದ. ಅಜ್ಜಿ ಗಟ್ಟಿಮುಟ್ಟಾಗಿ ರಾಗಿ ಬೀಸಿಕೊಂಡಿದ್ದಳು. ಯಾರನ್ನು ಬೈಯಲಿ? ಯಾರೂ ಕೆಟ್ಟವರಲ್ಲ.

ಮೂವತ್ತರ ದಶಕದ ಕೊನೆಗೆ, ಚಿಕ್ಕಪ್ಪನಿಗೆ ತಪ್ಪಿದ ಅದೇ ಕಾಲೇಜಿಗೆ ಹೊರಡುವ ಸರದಿ ನನ್ನದಾಯಿತು. ಆ ಕಾಲೇಜಿನ ಪುಸ್ತಕಗಳನ್ನು ತರಿಸಿಕೊಂಡು ಅವನು ಒಬ್ಬನೇ ಓದುತ್ತಿದ್ದ. ಹೊರಡುವ ಹಿಂದಿನ ಸಂಜೆ ಅವನನ್ನೇ ಕೇಳಿದೆ: ನಿಜವಾದ ಅನಿಲಗಳ ಸಮೀಕರಣದಲ್ಲಿ 'ಎ', 'ಬಿ' ಎಂಬ ಎರಡು ಸ್ಥಿರಾಂಕ ಬರುತ್ತವಲ್ಲ, ಅವು ಎಲ್ಲಿಂದ ಬಂದವು?

ಅವನ ಮುಖ ಅರಳಿತು. "ಸುಲಭದ ಸೂತ್ರ ಐತಲ್ಲ, ಅದು ಕಣಗಳಿಗೆ ಮೈಯೇ ಇಲ್ಲ, ಒಂದುಕ್ಕೊಂದು ನಂಟೂ ಇಲ್ಲ ಅಂತದೆ. ಅಂಥಾ ಅನಿಲ ಎಲ್ಲೈತ್ಲಾ? ಕಣಕ್ಕೂ ಮೈ ಐತೆ, ಅದು ಇರೋ ಜಾಗ ಇನ್ನೊಂದುಕ್ಕೆ ಸಿಕ್ಕಾಕಿಲ್ಲ. ಅಷ್ಟು ಜಾಗ ಕಳೆಯೋಕೆ 'ಬಿ'. ನಮ್ಮನೇಲಿ ಚಾಪೆ ಹಾಸೋ ಕಷ್ಟ ನೋಡಿಲ್ವಾ?"

ನಾನು ನಕ್ಕೆ. "ಮತ್ತೆ 'ಎ'?"

"ಅದು ಸೆಳೆತದ್ದು. ನಡುವೆ ಇರೋ ಕಣಾನ ಮಿಕ್ಕ ಕಣಗಳು ಸುತ್ಲಿಂದ್ಲೂ ಒಂದೇ ಸಮ ಎಳೀತವೆ, ಅದುಕ್ಕೆ ಏನೂ ಗೊತ್ತಾಗಾಕಿಲ್ಲ. ಗೋಡೆತಾವ ಓಯ್ತದಲ್ಲ, ಅದುನ್ನ ಇಂದ್ಲಿಂದ ಮಾತ್ರ ಎಳೀತವೆ. ಮುಂದ್ಲಿಂದ ಎಳಿಯೋರು ಯಾರವ್ರೆ? ಗೋಡೆಗೆ ಬೀಳೋ ಏಟು ಸಣ್ದಾಯ್ತದೆ. ಅಂಗೆ ಕಮ್ಮಿಯಾದ ಒತ್ತಡನ ಲೆಕ್ಕಕ್ಕೆ ಸೇರ್ಸೋಕೆ 'ಎ'."

"ಒಂದೊಂದು ಅನಿಲಕ್ಕೂ ಅದು ಬೇರೆ ಬೇರೆ ಯಾಕೆ?"

"ಕೆಲವುಕ್ಕೆ ಅಂಟು ಜಾಸ್ತಿ ಕಣ್ಲಾ." ಎದ್ದು ನಿಂತ. "ನಾಳೀಕೆ ನಾನು ಟೇಸನ್ನಿಗೆ ಬರಾಕಿಲ್ಲ. ಯಾರೂ ಬರದಂಗೆ ನೋಡ್ಕೋತೀನಿ. ನೀನು ಒಬ್ನೇ ಓಗು."

ಹಾಗೇ ಆಯಿತು. ಮದ್ದೂರಿನ ಪ್ಲಾಟ್‌ಫಾರಂ ತುಂಬ ಬೇರೆಯವರ ಮನೆಯ ಅಳು, ನನ್ನ ಕೈ ಹಿಡಿಯುವವರು ಒಬ್ಬರೂ ಇರಲಿಲ್ಲ. ರೈಲು ಅಲುಗಿದ ಮೇಲೂ ನಾನು ಬಾಗಿಲಲ್ಲೇ ನಿಂತು ಆ ಜನರ ನಡುವೆ ಚಿಕ್ಕಪ್ಪನ ಮುಖ ಹುಡುಕುತ್ತಿದ್ದೆ. ಕಂಡಿದ್ದರೆ ಇಳಿದುಬಿಡುತ್ತಿದ್ದೆ.